ಕೈವಾಡ

ಮಾನ್ಯ ವಾಚಕ ಮಹಾಶಯರೇ, ಈ ವೃತ್ತಾಂತದ ನಾಯಕರು ಕತೆ ಆರಂಭವಾಗುವ ಮುನ್ನವೇ ತೀರಿಕೊಂಡಿರುವುದರಿಂದ ಅವರಿಂದ ಯಾವ ಸಾಹಸವನ್ನೂ ನಿರೀಕ್ಷಿಸಬಾರದಾಗಿ ವಿನಂತಿ. ಕಂಡದ್ದನ್ನು ಕಂಡಂತೆಯೂ, ಕಾಣದ್ದನ್ನು ಕಂಡವರ ಬಾಯಿಂದ ಕೇಳಿದಂತೆಯೂ ಇಲ್ಲಿ ಇರಿಸಲಾಗಿದೆ. ಇದನ್ನು ಕನ್ನಡದಲ್ಲಿ ಹೇಳುತ್ತಿರುವುದಕ್ಕೆ ಒಂದು ಕಾರಣವಿದೆ. ಈ ಕತೆಯನ್ನು ಎಂದಿಗೂ ಓದಬಾರದ ಒಬ್ಬ ಮಹಿಳೆ ವೋಲ್ಗಾ ನದಿಯ ದಂಡೆಯಲ್ಲಿದ್ದಾರೆ. ಅವರಿಗೆ ಈ ಭಾಷೆ ಬಾರದು.

ಶವಪೆಟ್ಟಿಗೆ ಮೂರನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು.

"ತಲೆ ಕಡೆ ಎತ್ರೋ! ತಲೆ ಕಡೆ!" ಎಂದು ಮೇಲಿನ ಮೆಟ್ಟಿಲಿನಿಂದ ಕ್ಲಾವಕ್ಕ ಕೂಗಿದರು. ಆ ಕಟ್ಟಡದಲ್ಲಿ ಯಾರೇ ಸತ್ತರೂ ಕನ್ನಡಿಗಳಿಗೆ ಬಟ್ಟೆ ಮುಚ್ಚುವುದರಿಂದ ಹಿಡಿದು ಊಟ ಬಡಿಸುವ ತನಕ ಎಲ್ಲವೂ ಅವರ ಆಜ್ಞೆಯಂತೆ ನಡೆಯಬೇಕು. "ಮನುಷ್ಯನ್ನ ಇಳಿಸ್ತಿದ್ದೀರ, ಬೀರು ಅಲ್ಲ!"

"ಬೀರು ಆಗಿದ್ರೆ ಹಗ್ಗ ಕಟ್ಟಿ ಕಿಟಕೀಲಿ ಬಿಡಬಹುದಿತ್ತು ಕ್ಲಾವಕ್ಕ," ಎಂದ ನಲ್ಲಿ ರಿಪೇರಿಯ ಟೋಲ್ಯ, ಗೋಡೆಗೂ ಪೆಟ್ಟಿಗೆಗೂ ನಡುವೆ ಹಿಂಡಿಹೋಗುತ್ತ. "ಈ ಲಿಫ್ಟ್ ಮಾಡಿದವನು ಇಲ್ಲಿ ಯಾರೂ ಸಾಯೋದೇ ಇಲ್ಲ ಅಂದ್ಕೊಂಡಿದ್ದ ಅಂತ ಕಾಣುತ್ತೆ."

"ಬಾಯಿ ಮುಚ್ಚಿ ಹಿಡ್ಕೊ."

ರಕ್ತಸಂಬಂಧಿಗಳು ಪೆಟ್ಟಿಗೆ ಹೊರುವಂತಿಲ್ಲ. ಹೊತ್ತರೆ ಸತ್ತವರು, ತಮ್ಮನ್ನು ಸಂತೋಷದಿಂದ ಕಳುಹಿಸಿದರೆಂದು ತಿಳಿದುಕೊಳ್ಳುತ್ತಾರಂತೆ. ಆದ್ದರಿಂದ ಹೊರಗಿನ ನಾಲ್ವರನ್ನು ಗೊತ್ತುಮಾಡಿ, ಅವರ ತೋಳಿಗೆ ಬಿಳಿಯ ಟವೆಲು ಕಟ್ಟಿದ್ದರು: ಟೋಲ್ಯ, ಗ್ಯಾರೇಜುಗಳ ಸಾಲಿನಿಂದ ಇಬ್ಬರು, ಮತ್ತು ಕೆಳಮನೆಯ ಕೋಣೆಯನ್ನು ಬಾಡಿಗೆಗೆ ಹಿಡಿದು ಹಲವು ವರ್ಷ ಅಲ್ಲಿಯೇ ಬೇರುಬಿಟ್ಟಿದ್ದ, ಆ ಸಂಜೆಯೇ ಊರು ಬಿಡಲಿದ್ದ ಈ ಬರಹಗಾರ.

ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಗ್ಲೆಬ್ ಅರ್ಕಾದಿಯೆವಿಚ್ ಹಳೆಯ ಕಂದು ಸೂಟು ಧರಿಸಿ ಮಲಗಿದ್ದರು. ಎದೆಯ ಮೇಲೆ ಎಡಗೈ, ಅದರ ಮೇಲೆ ಬಲಗೈ. ಕೆಳಗಿನ ಕೈಯ ಬೆರಳುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ತುದಿಗಳು ಕಪ್ಪಾಗಿ, ಒಣಗಿದ ತೊಗಟೆಯಂತೆ ಬಿರಿದಿದ್ದವು.

"ತಮಾರಾ ಸವೆಲ್ಯೆವ್ನಾ, ಕೊನೇ ಸಲ ಹೇಳ್ತೀನಿ," ಎಂದರು ಕ್ಲಾವಕ್ಕ, ಹಿಂದೆ ಇಳಿಯುತ್ತಿದ್ದ ವಿಧವೆಯ ಕಿವಿಯ ಬಳಿ. "ಆ ಗಡಿಯಾರ ಬಿಚ್ಚಿಬಿಡಿ. ಓಡ್ತಿರೋ ಗಡಿಯಾರನ ಮಣ್ಣಿಗೆ ಹಾಕ್ಬಾರ್ದು."

"ಅದು ಅವರ ಜೊತೆಗೇ ಹೋಗುತ್ತೆ."

"ಕೀಲಿನಾದ್ರೂ ಕೊಡಬಾರದಿತ್ತು."

"ಪ್ರತಿದಿನ ಬೆಳಿಗ್ಗೆ ಕೊಡ್ತಿದ್ರು. ಇವತ್ತು ಅವರ ಕೈಲಾಗಲಿಲ್ಲ, ನಾನು ಕೊಟ್ಟೆ," ಎಂದರು ತಮಾರಾ.

ಅಂಗಳದಲ್ಲಿ ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆಯನ್ನಿಟ್ಟರು. ನವೆಂಬರಿನ ಒದ್ದೆ ಹಿಮ ಬೀಳುತ್ತಿತ್ತು. ನೆರೆಹೊರೆಯವರು ಸಾವಿಗೆ ಸಲ್ಲುವ ಜೋಡಿ ಲೆಕ್ಕದ ಹೂ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಗ್ಯಾರೇಜುಗಳ ಕಡೆಯಿಂದ ಉದ್ದನೆಯ ಓವರ್‌ಕೋಟಿನ ಒಬ್ಬ ಮುದುಕರು ಬಂದು, ಯಾರ ಪಕ್ಕಕ್ಕೂ ಸೇರದೆ, ಕಂಬದ ಬಳಿ ನಿಂತರು. ಗುಂಪಿನಲ್ಲಿ ಪಿಸುಮಾತು ಹರಿಯಿತು.

"ರೊಸ್ತಿಸ್ಲಾವ್ ಗೆರ್ಮಾನೊವಿಚ್ ಅಲ್ವಾ ಅದು?"

"ಅವರೇ. ಯಾವ ಮುಖ ಇಟ್ಕೊಂಡು ಬಂದ್ರೋ."

"ಬದುಕಿದ್ದಾಗ ಹೂತು ಹಾಕಿದ್ದು ಸಾಲದು ಅಂತ ಇನ್ನೊಂದು ಸಲ ನೋಡೋಕೆ ಬಂದಿರಬೇಕು," ಎಂದ ಟೋಲ್ಯ.

ತಮಾರಾ ಅವರ ಬಳಿಗೆ ನಡೆದರು. ಇಪ್ಪತ್ತು ವರ್ಷಗಳ ಹಿಂದೆ ವಾರಕ್ಕೆರಡು ಬಾರಿ ತಮ್ಮ ಅಡುಗೆಮನೆಯಲ್ಲಿ ಕೂತು ಹುಳಿ ಕೋಸು ತಿನ್ನುತ್ತಿದ್ದ ಮನುಷ್ಯನನ್ನು ಅವರು ಈಗ ಬಹುವಚನದಿಂದ ಮಾತಾಡಿಸಿದರು.

"ನೀವು ಬರ್ತೀರಿ ಅಂತ ಗೊತ್ತಿತ್ತು. ನಿಮ್ಮನ್ನ ಒಂದೇ ಒಂದು ಮಾತು ಕೇಳೋದಿದೆ. ಇಲ್ಲಲ್ಲ. ಅಲ್ಲಿ, ಅವರ ಎದುರಿಗೆ. ಮುಚ್ಚಳ ಹಾಕೋಕೆ ಮುಂಚೆ."

"ಯಾವ ಮಾತು?"

"ನಿಮಗೆ ಗೊತ್ತಿದೆ. ಅವರು ಮೋಸ ಮಾಡಿದ್ರಾ ಇಲ್ವಾ."

ಪೆಟ್ಟಿಗೆಯನ್ನು ಎತ್ತಿದೊಡನೆ ಕ್ಲಾವಕ್ಕ ಎರಡೂ ಸ್ಟೂಲುಗಳನ್ನು ತಲೆಕೆಳಗು ಮಾಡಿದರು, ಸಾವು ಮತ್ತೆ ಬಂದು ಅಲ್ಲಿ ಕೂರದಿರಲೆಂದು.

*

ಬೆಕ್ಕು ಅಡುಗೆಮನೆಯ ಬೀರುವಿನ ಮೇಲೆ ಹತ್ತಿ ಕೂತಿತ್ತು. ಇಳಿಯುವ ದಾರಿ ತಿಳಿಯದೆ ಅರಚುತ್ತಿತ್ತು.

"ನೋಡು ತೋಮಾ," ಎಂದರು ಗ್ಲೆಬ್. ಆಗ ಅವರ ಕೂದಲು ಇನ್ನೂ ಕಪ್ಪಾಗಿತ್ತು. "ಬುಬ್ಲಿಕ್ ಮೇಲೆ ಸಿಕ್ಕಿಹಾಕ್ಕೊಂಡಿದಾನೆ. ಒಂದಲ್ಲ ಒಂದು ದಿನ ತಾನಾಗೇ ಬೀಳ್ತಾನೆ. ನನ್ನ ಹ್ಯಾಫ್ನಿಯಂ ಲೋಹದ ಪರಮಾಣುಗಳೂ ಹಾಗೇ. ಹೊಟ್ಟೆ ತುಂಬ ಶಕ್ತಿ ತುಂಬ್ಕೊಂಡು ಮೇಲೆ ಕೂತುಬಿಟ್ಟಿವೆ, ಕೆಳಗಿಳಿಯೋಕೆ ಸರಿಯಾದ ಮೆಟ್ಟಿಲೇ ಇಲ್ಲ. ಅರ್ಧದಷ್ಟು ಇಳಿಯೋಕೆ ಮೂವತ್ತೊಂದು ವರ್ಷ. ಈಗ ಕೆಳಗಿಂದ ನಾನು ಒಂದು ಸಣ್ಣ ಕಡ್ಡೀಲಿ ಚುಚ್ಚಿದ್ರೆ? ಎಕ್ಸ್‌ರೇ ಕಡ್ಡೀಲಿ?"

"ಚುಚ್ಚಿದ್ರೆ ಪರಚ್ತಾನೆ ಅಷ್ಟೇ," ಎಂದರು ತಮಾರಾ.

"ಎಲ್ಲಾ ಒಟ್ಟಿಗೆ ಇಳಿದ್ರೆ ನಮ್ಮ ಊರನ್ನ ನಕ್ಷೆಯಿಂದ ತೆಗೀಬೇಕಾಗುತ್ತೆ," ಎಂದರು ಎದುರಿಗೆ ಕೂತಿದ್ದ ರೊಸ್ತಿಸ್ಲಾವ್, ಬಾಯಿ ತುಂಬ ಕೋಸು ತುಂಬಿಕೊಂಡು. "ಆಗ ನಿನ್ನ ಮನೆಗೆ ಊಟಕ್ಕೆ ನಾನು ಬರಲ್ಲ, ಜನರಲ್‌ಗಳು ಬರ್ತಾರೆ."

"ಅವರೂ ಇಷ್ಟೇ ತಿಂತಾರಾ?" ಎಂದು ತಮಾರಾ ಬೋಗುಣಿಯನ್ನು ಅವರಿಂದ ದೂರ ಸರಿಸಿದರು.

ಸಮುದ್ರದಾಚೆ ಯಾರೋ ಹಲ್ಲಿನ ವೈದ್ಯರ ಎಕ್ಸ್‌ರೇ ಯಂತ್ರದಿಂದಲೇ ಆ ಹ್ಯಾಫ್ನಿಯಂ ಬೆಕ್ಕನ್ನು ಇಳಿಸಿದ್ದಾರೆಂಬ ಸುದ್ದಿ ಬಂದಿತ್ತು. ಕೆಲವರು ನಂಬಿದ್ದರು, ಕೆಲವರು ನಕ್ಕಿದ್ದರು. ಗ್ಲೆಬ್ ಮುಚ್ಚಿಹೋದ ದಂತಚಿಕಿತ್ಸಾಲಯವೊಂದರಿಂದ ಅಂಥದೇ ಯಂತ್ರವನ್ನು, ತಾವಿಬ್ಬರೂ ಕೆಲಸ ಮಾಡುತ್ತಿದ್ದ ಪರಮಾಣು ಸಂಶೋಧನಾ ಸಂಸ್ಥೆಗೆ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಸಾಸಿವೆ ಕಾಳಿಗಿಂತಲೂ ಕಿರಿದಾದ ಹ್ಯಾಫ್ನಿಯಂ ಚೂರು, ಅದರ ಸುತ್ತ ಸೀಸದ ಇಟ್ಟಿಗೆಗಳ ಗೂಡು, ಒಳಗೆ ಕಿರಣಗಳನ್ನು ಎಣಿಸುವ ಹಳೆಯ ಹರಳು. ಗೂಡಿನ ಒಂದು ಬದಿಯ ಕಿಂಡಿಯಿಂದ ಯಂತ್ರದ ಎಕ್ಸ್‌ರೇ ದೀಪದ ಮೂತಿಯನ್ನು ಒಳಗೆ ತೂರಿಸಬೇಕು. ಆ ದೀಪದ ತೋಳಿನ ಕೀಲು ಸವೆದಿತ್ತು. ಬಿಟ್ಟರೆ ಮುದುಕಿಯ ತಲೆಯಂತೆ ಮೆಲ್ಲನೆ ಜೋಲುತ್ತಿತ್ತು. ಆದ್ದರಿಂದ ದೀಪ ಉರಿಯುವಷ್ಟು ಹೊತ್ತೂ ಗ್ಲೆಬ್ ಬಲಗೈಯಿಂದ ಗುಂಡಿಯನ್ನು ಒತ್ತಿ, ಎಡಗೈಯಿಂದ ಕಿಂಡಿಯ ಬಾಯಲ್ಲಿ ದೀಪವನ್ನು ಹಿಡಿದು ಕೂರುತ್ತಿದ್ದರು. ದೀಪ ಆರಿಸಿ ಎಣಿಸುವಾಗ ಹಿಡಿಯುವ ಅಗತ್ಯವಿರಲಿಲ್ಲ. ಹೊರಗೆ ಹೋಗಿ ಚಹಾ ಕುಡಿಯುತ್ತಿದ್ದರು.

"ಬೆರಳು ಸುಡುತ್ತೆ ಗ್ಲೆಬ್, ಏನಾದ್ರೂ ಆಸರೆ ಕೊಡು ಅದಕ್ಕೆ," ಎಂದಿದ್ದರು ರೊಸ್ತಿಸ್ಲಾವ್.

"ಕೈಯಷ್ಟು ಚೆನ್ನಾಗಿ ಯಾವ ಆಸರೆನೂ ಹಿಡಿಯಲ್ಲ."

ಫಲ ಬಂತು. ದೀಪ ಉರಿದಾಗ ಎಣಿಕೆ ಹೆಚ್ಚು, ಆರಿದಾಗ ಕಡಿಮೆ. ಹೆಚ್ಚೆಂದರೆ ಅತಿ ಸ್ವಲ್ಪ, ಆದರೆ ಪ್ರತಿ ಬಾರಿಯೂ. ಸಂಸ್ಥೆಯ ಗೇಟಿನ ಬಳಿ ನಿಂತ ವಿಕಿರಣ ತಪಾಸಣೆಯ ಕಂಬ ಕೂಡ ಅವರು ಹಾದುಹೋಗುವಾಗ ಒಮ್ಮೊಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಕಾವಲಿನವರು ನಗುತ್ತಿದ್ದರು. "ಹೋಗಿ ಗ್ಲೆಬ್ ಅರ್ಕಾದಿಯೆವಿಚ್, ಹೋಗಿ. ನಿಮ್ಮ ಹ್ಯಾಫ್ನಿಯಂ ನಿಮ್ಮನ್ನ ಬಿಟ್ಟಿರಲ್ಲ." ಯಾರೂ ತಡೆದು ನೋಡಲಿಲ್ಲ. ಆ ಕೆಲಸ ಮಾಡುವವರ ಮೈಮೇಲೆ ಏನಾದರೂ ಒಂದಿಷ್ಟು ಅಂಟಿಯೇ ಇರುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು.

ಪತ್ರಿಕೆಯವರು ಬಂದರು. ಸಮವಸ್ತ್ರದವರೂ ಬಂದರು. ನಂತರ, ಸಹಜವಾಗಿಯೇ, ಪರೀಕ್ಷೆಯ ಸಮಿತಿಯೂ ಬಂತು. ನಿಷ್ಪಕ್ಷಪಾತಿಯೆಂದು ಹೆಸರಾಗಿದ್ದ ರೊಸ್ತಿಸ್ಲಾವರಿಗೇ ಆ ಹೊಣೆ ಬಿತ್ತು.

"ನೀನು ಹೊರಗೆ ಕೂತ್ಕೋ ಗ್ಲೆಬ್. ನಾಳೆ ಯಾರೂ ಬೆರಳು ತೋರಿಸಬಾರದು ಅಂತ ಹೇಳ್ತಿದೀನಿ."

"ಕೂರ್ತೀನಿ. ದೀಪನ ಚೆನ್ನಾಗಿ ಹಿಡ್ಕೊ, ಅದು ಜೋಲುತ್ತೆ."

ರೊಸ್ತಿಸ್ಲಾವ್ ದೀಪವನ್ನು ತಂತಿಯಿಂದ ಬಿಗಿದು ಕಟ್ಟಿದರು. ಎಣಿಕೆ ಹೆಚ್ಚಲಿಲ್ಲ. ವಾರಗಟ್ಟಲೆ ಎಣಿಸಿದರು, ಹೆಚ್ಚಲಿಲ್ಲ. ಗ್ಲೆಬರನ್ನೇ ಒಳಗೆ ಕರೆದು ದೀಪವನ್ನು ಅವರ ಕೈಗೇ ಕೊಟ್ಟರು, ಎಣಿಕೆ ಹೆಚ್ಚಿತು. ಹೊರಗೆ ಕಳುಹಿಸಿದರು, ನಿಂತಿತು. ಕೊನೆಗೆ ಸಮಿತಿಯ ಮುಂದೆ ನಿಂತು ಒಂದೇ ವಾಕ್ಯ ಹೇಳಿದರು: ಗ್ಲೆಬ್ ಅರ್ಕಾದಿಯೆವಿಚ್ ಕೋಣೆಯಲ್ಲಿದ್ದಾಗ ಮಾತ್ರ ಫಲ ಕಾಣುತ್ತದೆ.

ಆ ವಾಕ್ಯವನ್ನು ಊರು ಒಂದೇ ಪದಕ್ಕೆ ಇಳಿಸಿಕೊಂಡಿತು. ಕೈವಾಡ.

ಸಂಸ್ಥೆಯಿಂದ ಹೊರಬಿದ್ದ ಮೇಲೆ ಗ್ಲೆಬ್ ಶಾಲೆಯೊಂದರಲ್ಲಿ ಪಾಠ ಹೇಳಿದರು. ಅವರು ತರಗತಿಗೆ ಕಾಲಿಟ್ಟೊಡನೆ ಹಿಂದಿನ ಬೆಂಚಿನಿಂದ ಯಾರಾದರೂ, "ಕೈ ತೋರಿಸಿ ಗ್ಲೆಬ್ ಅರ್ಕಾದಿಯೆವಿಚ್, ಕೈ ಮೇಲೆ!" ಎನ್ನುತ್ತಿದ್ದರು. ಅವರು ಕೈ ಮೇಲೆತ್ತಿ ತೋರಿಸುತ್ತಿದ್ದರು. ಮಕ್ಕಳು ನಗುತ್ತಿದ್ದರು. ಅನಂತರ ಪಾಠ ಆರಂಭವಾಗುತ್ತಿತ್ತು.

ತಮಾರಾ ಒಮ್ಮೆ, ಒಂದೇ ಒಮ್ಮೆ, ಕೇಳಿದ್ದರು. "ನೀನು ಏನಾದ್ರೂ ಮಾಡಿದ್ಯಾ ಗ್ಲೆಬ್? ನನಗಾದ್ರೂ ಹೇಳು."

ಅವರು ಊಟದ ತಟ್ಟೆಯನ್ನು ತೊಳೆದಿಟ್ಟು, ಕೋಟು ಹಾಕಿಕೊಂಡು ಗ್ಯಾರೇಜಿಗೆ ಹೋದರು. ಗ್ಯಾರೇಜಿನಲ್ಲಿ ಅವರದೇ ಇನ್ನೊಂದು ಎಕ್ಸ್‌ರೇ ದೀಪವಿತ್ತು, ಅದನ್ನೂ ಅವರು ಎಡಗೈಯಲ್ಲೇ ಹಿಡಿಯುತ್ತಿದ್ದರು. ಆ ಪ್ರಶ್ನೆ ಅಂದಿನಿಂದ ಮನೆಯಲ್ಲೇ ಉಳಿಯಿತು. ಇಬ್ಬರೂ ಅದನ್ನು ಸುತ್ತುಬಳಸಿ ಓಡಾಡುವುದನ್ನು ಕಲಿತರು.

*

ಸ್ಮಶಾನ ಊರಾಚೆಯ ಪೈನ್ ಕಾಡಿನ ಅಂಚಿನಲ್ಲಿದೆ. ಗುಂಡಿಯ ಪಕ್ಕದ ಮರಳುಮಣ್ಣಿನ ರಾಶಿಯ ಮೇಲೆ ಹಿಮ ಬಿದ್ದು ಕರಗುತ್ತಿತ್ತು. ಪಾದ್ರಿ ಅವಸರದಲ್ಲಿ ಮಂತ್ರ ಮುಗಿಸಿ ಹೊರಟುಹೋದ ಮೇಲೆ, ಕ್ಲಾವಕ್ಕ "ಬನ್ನಿ, ಬೀಳ್ಕೊಡಿ" ಎಂದರು. ಒಬ್ಬೊಬ್ಬರಾಗಿ ಬಾಗಿ ಸತ್ತವರ ಹಣೆಗೆ ಕಟ್ಟಿದ್ದ ಕಾಗದದ ಪಟ್ಟಿಗೆ ಮುತ್ತಿಟ್ಟು ಸರಿದರು. ಕೊನೆಯಲ್ಲಿ ರೊಸ್ತಿಸ್ಲಾವ್ ಬಂದರು. ಜನ ದಾರಿ ಬಿಟ್ಟರು. ಬಿಡಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟರು.

ನಿವೃತ್ತಿಯ ನಂತರವೂ ಅವರು ಸಂಸ್ಥೆಯ ವಿಕಿರಣ ತಪಾಸಣೆಯ ಕೆಲಸ ನೋಡಿಕೊಳ್ಳುತ್ತಿದ್ದರು. ಸಿಗರೇಟು ಪೆಟ್ಟಿಗೆಯಷ್ಟೇ ದೊಡ್ಡದಾದ ಡೋಸಿಮೀಟರು ಹಗಲಿರುಳೂ ಅವರ ಎದೆಯ ಜೇಬಿನಲ್ಲಿರುತ್ತಿತ್ತು. ವಿಕಿರಣ ಕಂಡಷ್ಟೂ ಅದು ಟಿಕ್ ಟಿಕ್ ಎಂದು ಕುಟುಕುತ್ತದೆ. ಏನೂ ಇಲ್ಲದ ಕಡೆಯಲ್ಲೂ, ಮಣ್ಣಿನಿಂದ, ಆಕಾಶದಿಂದ ಬರುವುದಕ್ಕೇ, ಆಗೊಮ್ಮೆ ಈಗೊಮ್ಮೆ ಒಂದು ಕುಟುಕು. ಅದರ ಸದ್ದು ಅವರಿಗೇ ಕೇಳಿಸದಷ್ಟು ರೂಢಿಯಾಗಿತ್ತು.

ಅವರು ಬಾಗಿದರು. ಜೇಬಿನ ಪೆಟ್ಟಿಗೆ ಒಣ ಕಡ್ಡಿಗಳಿಗೆ ಬೆಂಕಿ ಬಿದ್ದಂತೆ ಚಟಪಟ ಸದ್ದು ಮಾಡಿತು.

ರೊಸ್ತಿಸ್ಲಾವ್ ನೆಟ್ಟಗಾದರು. ಸದ್ದು ವಿರಳವಾಯಿತು. ಮತ್ತೆ ಬಾಗಿದರು, ಈ ಸಲ ಹಣೆಯ ಕಡೆಗಲ್ಲ, ಎದೆಯ ಮೇಲೆ ಮಡಿಸಿದ ಕೈಗಳ ಕಡೆಗೆ. ಚಟಪಟ.

"ಒಂದು ಸಲ ಸಾಕು," ಎಂದರು ಕ್ಲಾವಕ್ಕ ನಿಷ್ಠುರವಾಗಿ. "ಎಷ್ಟು ಮುತ್ತು ಕೊಟ್ರೂ ಈಗ ಲೆಕ್ಕಕ್ಕಿಲ್ಲ."

"ತಮಾರಾ ಸವೆಲ್ಯೆವ್ನಾ," ಎಂದರು ರೊಸ್ತಿಸ್ಲಾವ್. ಅವರ ದನಿ ಬೇರೆಯೇ ಆಗಿತ್ತು. "ಇವನ ಕೈಯಲ್ಲಿ ಏನಿದೆ? ಕೆಳಗಿನ ಕೈಯಲ್ಲಿ?"

"ಗಡಿಯಾರ. ನಮ್ಮಪ್ಪಂದು. ಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿದ್ದಾಗ ಕೊಟ್ಟಿದ್ದು. ಮದುವೆ ದಿನ ನಾನೇ ಇವರ ಕೈಗೆ ಕಟ್ಟಿದೆ, ಬಿಚ್ಚಲ್ಲ ಅಂತ ಮಾತು ತಗೊಂಡಿದ್ದೆ. ಸ್ನಾನಕ್ಕೆ ಬಿಟ್ಟು ಯಾವತ್ತೂ ಬಿಚ್ಚಲಿಲ್ಲ." ಅವರು ಅಳುಕಿದರು. "ಯಾಕೆ, ಅದನ್ನ ಹಾಕ್ಬಾರದಾ?"

"ಕತ್ತಲಲ್ಲಿ ಹೊಳೀತಿತ್ತಾ ಅದು?"

"ನಾನು ಸಣ್ಣವಳಿದ್ದಾಗ ಹೊಳೀತಿತ್ತು. ಅಂಕಿಗಳೆಲ್ಲ ಹಸಿರುಹಸಿರಾಗಿ. ನಿದ್ದೆ ಬರದಿದ್ರೆ ಅಪ್ಪ ನನ್ನ ಹೊದಿಕೆ ಒಳಗೆ ಅದನ್ನ ಇಡ್ತಿದ್ರು. ಆಮೇಲೆ ಹೊಳಪು ಸತ್ತುಹೋಯ್ತು."

ಹೊಳಪು ಸಾಯುತ್ತದೆ. ಬಣ್ಣ ಕೆಲವು ವರ್ಷಗಳಲ್ಲಿ ಸುಟ್ಟುಹೋಗುತ್ತದೆ. ಅದರೊಳಗೆ ಕಲೆಸಿದ ರೇಡಿಯಂ ಸಾಯುವುದಿಲ್ಲ. ಸಾವಿರ ವರ್ಷ ಕಳೆದರೂ ಅದರ ಅರ್ಧವೂ ತೀರುವುದಿಲ್ಲ. ಇದನ್ನು ರೊಸ್ತಿಸ್ಲಾವ್ ಹೊಸಬರಿಗೆ ಪಾಠವಾಗಿ ಹೇಳುತ್ತಿದ್ದರು. ಗ್ಲೆಬ್ ಕೂಡ ಹೇಳುತ್ತಿದ್ದರು. ಹೊಳೆಯುವ ಗಡಿಯಾರವಾಗಿದ್ದರೆ ಇಬ್ಬರಲ್ಲಿ ಒಬ್ಬರು ಮೊದಲ ದಿನವೇ ಬಿಚ್ಚಿಸಿ ಹೊರಗಿಡುತ್ತಿದ್ದರು. ಇದು ಮಂಕಾದ ಮುಖದ ಸಾಧಾರಣ ಗಡಿಯಾರ, ಮಾವನ ನೆನಪು, ಎಡಗೈಯ ಮಣಿಕಟ್ಟಿನಲ್ಲಿ ಚರ್ಮದಂತೆಯೇ ಬೆರೆತುಹೋದದ್ದು. ಆ ಎಡಗೈ ದೀಪವನ್ನು ಹಿಡಿದು ಕಿಂಡಿಯ ಬಾಯಲ್ಲಿರುವಾಗೆಲ್ಲ ಹರಳು ಗಡಿಯಾರವನ್ನೂ ಸೇರಿಸಿ ಎಣಿಸುತ್ತಿತ್ತು. ಆ ಹಳೆಯ ಹರಳಿಗೆ ಇದು ರೇಡಿಯಂ, ಇದು ಹ್ಯಾಫ್ನಿಯಂ ಎಂದು ಬೇರ್ಪಡಿಸುವ ಸೂಕ್ಷ್ಮವಿರಲಿಲ್ಲ. ದೀಪ ಆರಿದೊಡನೆ ಕೈ ಚಹಾ ಕುಡಿಯಲು ಹೊರಗೆ ಹೋಗುತ್ತಿತ್ತು.

ಹ್ಯಾಫ್ನಿಯಂ ಬೆಕ್ಕು ಬೀರುವಿನ ಮೇಲೆಯೇ ಇತ್ತು. ಒಂದು ಕೂದಲೂ ಅಲುಗಿರಲಿಲ್ಲ.

ಟೋಲ್ಯ ಮುಚ್ಚಳವನ್ನು ಹಿಡಿದುಕೊಂಡು ಕಾಯುತ್ತಿದ್ದ. ಪೆಟ್ಟಿಗೆಯ ತಲೆಯ ಬದಿಯಲ್ಲಿ ನಿಂತವರಿಗೆ ಇಬ್ಬರ ಮಾತೂ ಕೇಳುತ್ತಿತ್ತು.

"ಈಗ ಹೇಳಿ," ಎಂದರು ತಮಾರಾ. "ಅವರ ಮುಖ ನೋಡ್ಕೊಂಡು ಹೇಳಿ. ಮೋಸ ಮಾಡಿದ್ರಾ?"

"ಇಲ್ಲ."

"ಸಾವಿನ ಮನೆ ಅಂತ ಹೇಳ್ತಿದ್ರೆ ಬೇಡ. ನನಗೆ ನಿಜ ಬೇಕು."

"ನಿಜಾನೇ. ಅವನು ಬರೆದ ಒಂದೊಂದು ಎಣಿಕೆನೂ ನಿಜ. ಅವನು ಏನನ್ನೂ ಸೇರಿಸಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ."

ತಮಾರಾ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡರು. ಹಿಂದಿನ ಏಕವಚನ ತಾನಾಗಿಯೇ ಮರಳಿ ಬಂತು.

"ಹಾಗಾದ್ರೆ ನೀನು ಮಾಡಿದಾಗ ಯಾಕೆ ಬರಲಿಲ್ಲ ರೋಸ್ತಿಕ್? ಇಪ್ಪತ್ತು ವರ್ಷ ನಾನು ಅವರ ಪಕ್ಕ ಮಲಗಿ ಇದನ್ನೇ ಯೋಚನೆ ಮಾಡಿದೀನಿ. ಯಾಕೆ ಬರಲಿಲ್ಲ?"

ರೊಸ್ತಿಸ್ಲಾವ್ ಅಂಗೈಯಿಂದ ಎದೆಯ ಜೇಬನ್ನು ಒತ್ತಿ ಹಿಡಿದರು, ಒಳಗಿನ ಸದ್ದನ್ನು ಅದುಮುವವರಂತೆ. ಹೇಳಬೇಕಾದ ಉತ್ತರ ಅತಿ ಚಿಕ್ಕದಾಗಿತ್ತು. ಹೊದಿಕೆಯೊಳಗೆ ಹಸಿರು ಅಂಕಿಗಳನ್ನು ನೋಡುತ್ತ ಮಲಗಿದ್ದ ಹುಡುಗಿ ಬೆಳೆದು, ಅದನ್ನೇ ತಂದು ಗಂಡನ ಕೈಗೆ ಕಟ್ಟಿದ್ದಳು. ಬಿಚ್ಚಬೇಡವೆಂದು ಮಾತು ತೆಗೆದುಕೊಂಡಿದ್ದಳು.

"ನಾನು ದೀಪನ ತಂತೀಲಿ ಕಟ್ಟಿದ್ದೆ ತೋಮಾ," ಎಂದರು. "ಅವನು ಕೈಲಿ ಹಿಡೀತಿದ್ದ."

"ಅಷ್ಟೇನಾ?"

"ಅಷ್ಟೇ. ಅವನ ಕೈ ಅಲ್ಲಿರಬೇಕಿತ್ತು. ಅವನ ಕೈ ಇಲ್ದೇ ಅದು ಆಗ್ತಿರಲಿಲ್ಲ."

ತಮಾರಾ ಆ ಮಾತನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. ಬಳಿಕ ಬಾಗಿ, ಗಂಡನ ಬಲಗೈಯನ್ನು ಸ್ವಲ್ಪ ಸರಿಸಿ, ಬಿರಿದ ಕಪ್ಪು ಬೆರಳುಗಳಿಗೆ ಮುತ್ತಿಟ್ಟರು.

"ಕೇಳಿಸ್ತಾ?" ಎಂದರು, ಸತ್ತವರಿಗೆ. "ನಾನು ಕೇಳಬಾರದಿತ್ತು."

ಮುಚ್ಚಳಕ್ಕೆ ಮೊಳೆ ಹೊಡೆದರು. ಟೋಲ್ಯ ಮತ್ತಿತರರು ಹಗ್ಗ ಬಿಡತೊಡಗಿದರು. ರೊಸ್ತಿಸ್ಲಾವ್ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಪೆಟ್ಟಿಗೆ ಇಳಿದಂತೆಲ್ಲ ಅವರ ಜೇಬಿನ ಸದ್ದು ವಿರಳವಾಗುತ್ತ ಬಂತು. ಮೊದಲ ಹಿಡಿ ಮಣ್ಣು ಬಿತ್ತು. ಗುದ್ದಲಿಗಳು ಬಂದವು. ಕೊನೆಗೆ ಆಗೊಮ್ಮೆ ಈಗೊಮ್ಮೆ ಒಂದು ಕುಟುಕು ಮಾತ್ರ ಉಳಿಯಿತು, ಭೂಮಿಯ ಮೇಲೆ ಎಲ್ಲಿ ನಿಂತರೂ ಕೇಳುವಷ್ಟು.

*

ತಿಥಿಯೂಟಕ್ಕೆ ಮನೆಯಲ್ಲಿ ಮೇಜುಗಳನ್ನು ಜೋಡಿಸಿದ್ದರು. ಜೇನು ಹಾಕಿದ ಗೋಧಿ, ಬ್ಲಿನಿ ದೋಸೆ, ಹುಳಿ ಕೋಸು. ಫೋಟೋದ ಮುಂದೆ ತುಂಬಿದ ವೋಡ್ಕಾ ಲೋಟ, ಅದರ ಮೇಲೆ ಕಪ್ಪು ರೊಟ್ಟಿಯ ತುಂಡು. ಕ್ಲಾವಕ್ಕ ಚಮಚ ಮಾತ್ರ ಕೊಟ್ಟರು, ಸಾವಿನ ಮೇಜಿಗೆ ಮುಳ್ಳುಚಮಚ ಸಲ್ಲದು.

ತಮಾರಾ ಎದ್ದು ನಿಂತರು. ಕಟ್ಟಡದ ಯಾರೂ ಇಪ್ಪತ್ತು ವರ್ಷಗಳಲ್ಲಿ ಅವರ ದನಿಯನ್ನು ಅಷ್ಟು ಎತ್ತರದಲ್ಲಿ ಕೇಳಿರಲಿಲ್ಲ.

"ಎಲ್ರೂ ಕೇಳಿ. ರೊಸ್ತಿಸ್ಲಾವ್ ಗೆರ್ಮಾನೊವಿಚ್ ಇವತ್ತು ಒಪ್ಕೊಂಡ್ರು. ನಮ್ಮ ಗ್ಲೆಬ್ ಎಣಿಸಿದ್ದೆಲ್ಲ ನಿಜ. ಅವರ ಕೈ ಇಲ್ದೇ ಅದು ಆಗ್ತಿರಲಿಲ್ಲವಂತೆ. ಹೌದು ತಾನೇ?"

ಎಲ್ಲರೂ ತಿರುಗಿ ನೋಡಿದರು. ಅವರಲ್ಲಿ ಸಂಸ್ಥೆಯ ಮೂರು ನಾಲ್ಕು ಮಂದಿಯೂ ಇದ್ದರು. ಇಡೀ ಆಯುಷ್ಯದಲ್ಲಿ ಒಂದು ಎಣಿಕೆಯನ್ನೂ ಹೆಚ್ಚುಕಡಿಮೆ ಹೇಳಿರದ ರೊಸ್ತಿಸ್ಲಾವ್ ಮೇಜಿಗೆ ಕೈಯೂರಿ ಎದ್ದರು.

"ಹೌದು," ಎಂದರು. ಲೋಟವನ್ನು ಯಾರ ಲೋಟಕ್ಕೂ ತಾಕಿಸದೆ ಕುಡಿದು ಕೂತರು.

"ಕೇಳಿದ್ರಾ!" ಎಂದರು ಕ್ಲಾವಕ್ಕ. "ಕೈವಾಡ ಅಂತಿದ್ರಲ್ಲ. ಕೈಯಂತೆ, ಕೈ!" ಕಣ್ಣೊರೆಸಿಕೊಂಡು ಅವರು ಎಲ್ಲರಿಗಿಂತ ಮೊದಲು ರೊಸ್ತಿಸ್ಲಾವರ ತಟ್ಟೆಗೆ ಕೋಸು ಬಡಿಸಿದರು. ಅವರು ಅದನ್ನು ಮುಟ್ಟಲಿಲ್ಲ.

"ಹಂಗಾದ್ರೆ ಅದರಿಂದ ಈಗ ಕರೆಂಟು ತೆಗೀಬಹುದಾ?" ಎಂದು ಕೇಳಿದ ಟೋಲ್ಯ. "ಚಳಿಗಾಲ ಬಂತು, ನಮ್ಮ ರೇಡಿಯೇಟರುಗಳು ಹೆಣದ ಥರ ತಣ್ಣಗಿವೆ."

"ಇಲ್ಲ ಟೋಲ್ಯ," ಎಂದರು ರೊಸ್ತಿಸ್ಲಾವ್. "ಕೈ ಹೋಯ್ತಲ್ಲ."

*

ಈ ಬರಹಗಾರನ ಸಾಮಾನು ಹೆಚ್ಚೇನಿರಲಿಲ್ಲ. ಹಗ್ಗ ಕಟ್ಟಿದ ಅಗ್ಗದ ಕಾದಂಬರಿಗಳು, ಎರಡು ಅಂಗಿ, ಕೆಟಲು. ತೋಳಿಗೆ ಕಟ್ಟಿದ್ದ ಟವೆಲು ಹೊತ್ತವರಿಗೇ ಸೇರಬೇಕಾದದ್ದು. ಅದನ್ನು ಮಡಿಸಿ ಎಲ್ಲಕ್ಕಿಂತ ಮೇಲಿಟ್ಟು ಚೀಲದ ಬಾಯಿ ಬಿಗಿದದ್ದಾಯಿತು. ಬೀಗದ ಕೈಯನ್ನು ಕ್ಲಾವಕ್ಕನಿಗೆ ಒಪ್ಪಿಸಿದಾಗ ಮೇಲಿನ ಮಹಡಿಯಿಂದ ತಮಾರಾ ಸವೆಲ್ಯೆವ್ನಾ ನಗುವುದು ಕೇಳಿಸಿತು. ಯಾರೋ ಬೆಕ್ಕಿನ ಹಳೆಯ ಕತೆ ಎತ್ತಿದ್ದರು.

ನಿಲ್ದಾಣದ ದಾರಿ ಸ್ಮಶಾನದ ಬೇಲಿಯನ್ನು ಬಳಸಿ ಹೋಗುತ್ತದೆ. ಮುಸ್ಸಂಜೆಯ ಬೆಳಕಿನಲ್ಲಿ ಹೊಸ ದಿಬ್ಬದ ಬಳಿ ಒಂದು ಉದ್ದನೆಯ ಓವರ್‌ಕೋಟು ಮಂಡಿಯೂರಿತ್ತು.

"ಹೋಗ್ತಿದ್ದೀಯಾ?" ಎಂದು ಕೇಳಿದರು ರೊಸ್ತಿಸ್ಲಾವ್, ತಲೆ ಎತ್ತದೆ.

"ಹೂಂ. ಸಂಜೆ ರೈಲಿಗೆ."

"ಮತ್ತೆ ಬರ್ತೀಯಾ?"

"ಇಲ್ಲ ಅನ್ಸುತ್ತೆ."

"ಹಾಗಾದ್ರೆ ಸ್ವಲ್ಪ ಕೂತ್ಕೋ."

ರೈಲಿಗೆ ಇನ್ನೂ ಹೊತ್ತಿತ್ತು. ಅವರು ತಮಾರಾಗೆ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿ ಮುಗಿಸಿದರು. ಈ ಬರಹಗಾರ ಚೀಲವನ್ನು ಹೆಗಲಿಗೇರಿಸಿ ಹೊರಟು, ಬೇಲಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ, ಅವರು ಜೇಬಿನ ಪೆಟ್ಟಿಗೆಯನ್ನು ದಿಬ್ಬದ ಒದ್ದೆ ಮರಳಿನ ಮೇಲಿಟ್ಟು, ಟೊಪ್ಪಿಗೆ ತೆಗೆದು, ಕಿವಿಯನ್ನು ಅದರ ಹತ್ತಿರಕ್ಕೆ ಬಗ್ಗಿಸಿದ್ದರು. ಒಂದು ಕುಟುಕು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅವರು ಅಂಗೈಯಿಂದ ಮರಳನ್ನು ಸ್ವಲ್ಪ ಸರಿಸಿ, ಪೆಟ್ಟಿಗೆಯನ್ನು ಇನ್ನಷ್ಟು ಕೆಳಗಿಟ್ಟು, ಮತ್ತೆ ಕಿವಿಗೊಟ್ಟರು.